ಕಡಲ ಮೀನಿಗೆ ಒಡೆಯರಾರು?

ಜೂನ್ ತಿಂಗಳು ಕಾಲಿಟ್ಟಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿರುವ ನಮ್ಮವರ ಹೋಟೆಲುಗಳಲ್ಲಿ ವರುಷ ವರುಷವೂ ಒಂದೇ ಬಗೆಯ ಸಂಭಾಷಣೆ ಕೇಳಿಬರುತ್ತದೆ. ಪಾಪ್ಲೆಟ್ ಇದೆಯೇ ಎಂದು ಗಿರಾಕಿ ಕೇಳುತ್ತಾನೆ. ಇಲ್ಲವೆಂದು ವೈಟರನು ಹೇಳಿದರೆ ಮುಖ ಸಿಂಡರಿಸುತ್ತಾನೆ. ಇದೆಯೆಂದು ಹೇಳಿ ಬೆಲೆಯನ್ನು ತಿಳಿಸಿದರೆ ವೈಟರನೇ ಕಳ್ಳನೆಂಬಂತೆ ದುರುಗುಟ್ಟಿ ನೋಡುತ್ತಾನೆ. ಗಲ್ಲಾದಲ್ಲಿ ಕುಳಿತವನು, "ಸಮುದ್ರ ಬಂದ್ ಇದೆ ಸಾಹೇಬರೇ" ಎಂದು ಸಮಾಧಾನ ಹೇಳಬೇಕಾಗುತ್ತದೆ. ಇಪ್ಪತ್ತು ವರುಷ ಹೋಟೆಲು ನಡೆಸಿದ ನಾವು ಈ ಮಾತನ್ನು ಎಷ್ಟು ಬಾರಿ ಹೇಳಿದ್ದೇವೆಯೋ ಲೆಕ್ಕವಿಲ್ಲ. ಆದರೆ ಸಮುದ್ರವನ್ನು ಬಂದ್ ಮಾಡುವವರು ಯಾರು, ಏತಕ್ಕಾಗಿ ಮಾಡುತ್ತಾರೆ ಎಂಬುದನ್ನು ವಿಚಾರಿಸುವ ಗೋಜಿಗೆ ಆ ಕಾಲದಲ್ಲಿ ನಾವು ಹೋದವರಲ್ಲ.

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ಹೋಟೆಲೊಂದರಲ್ಲಿ ದುಡಿಯುವ ತರುಣ ವಾಚಕರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಅವರು ಮಲ್ಪೆಯ ಕಡೆಯವರು. ಅವರ ಅಣ್ಣ ಅಲ್ಲಿ ಟ್ರಾಲ್ ಬೋಟಿನ ಕೆಲಸಗಾರ. "ಅಣ್ಣಾ, ಎರಡು ತಿಂಗಳು ಬೋಟು ದಡದಲ್ಲಿ ಕೂತಿದೆ. ಮನೆಯ ಖರ್ಚಿಗೆ ನಾನೇ ಇಲ್ಲಿಂದ ಕಳುಹಿಸಬೇಕು. ಹೊಲವಾದರೆ ಪಟ್ಟೆ ಇರುತ್ತದೆ, ಒಡೆಯನಿರುತ್ತಾನೆ. ಸಮುದ್ರವನ್ನು ಸರಕಾರಕ್ಕೆ ಬರೆದುಕೊಟ್ಟವರು ಯಾರು?" ಎಂದು ಅವರು ಕೇಳಿದರು.

ಪ್ರಶ್ನೆ ನ್ಯಾಯವಾದುದೇ. ಆ ದಿನ ನಾವು ಕೊಟ್ಟ ಉತ್ತರ ಅವರಿಗೂ ಸಮಾಧಾನ ತರಲಿಲ್ಲ, ನಮಗೂ ತರಲಿಲ್ಲ. ನಾವು ಎಸ್ಸೆಸ್ಸೆಲ್ಸಿಯವರೆಗೆ ಓದಿದವರು, ಸಮುದ್ರಶಾಸ್ತ್ರ ಬಲ್ಲವರಲ್ಲ. ಆದರೂ ಮೀನು ಕೊಂಡು ಮೀನು ಮಾರಿದವರಾದುದರಿಂದ ಈ ವಿಷಯವನ್ನು ತಿಳಿದುಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿ, ತಿಳಿದಷ್ಟನ್ನು ವಾಚಕರ ಮುಂದಿಡುತ್ತಿದ್ದೇವೆ.

ಒಂದು ಕಡಲು, ನೂರು ಬಲೆ

ಮೊದಲನೆಯದಾಗಿ, ನಮ್ಮ ದೇಶದ ಸಮುದ್ರ ಮೀನುಗಾರಿಕೆ ಎಂಬುದು ಒಂದೇ ಕಸುಬಲ್ಲ. ನಮ್ಮ ಜಿಲ್ಲೆಯ ಭಾಯಂದರಿನ ಬಳಿಯ ಉತ್ತನಿಗೆ ಹೋಗಿ ನೋಡಿದವರಿಗೆ ಗೊತ್ತು: ಅಲ್ಲಿಯ ಕೋಳಿ ಬಾಂಧವರು ನೀರಿನಲ್ಲಿ ಡೋಲ್ ಎಂಬ ಚೀಲದಂತಹ ಬಲೆಯನ್ನು ಬಿಗಿದು ನಿಲ್ಲಿಸುತ್ತಾರೆ. ಬಲೆ ಮೀನನ್ನು ಅಟ್ಟಿಕೊಂಡು ಹೋಗುವುದಿಲ್ಲ. ಉಬ್ಬರವಿಳಿತದ ಸೆಳೆತವೇ ಬೋಂಬಿಲನ್ನು ತಂದು ಅದರೊಳಗೆ ತುಂಬುತ್ತದೆ. ಮಲ್ಪೆಯ ಟ್ರಾಲ್ ಬೋಟು ಕಡಲತಳವನ್ನು ಬಲೆಯಿಂದ ಗುಡಿಸುತ್ತ ಹೋಗಿ ಸಿಗಡಿ, ಬೊಂಡಾಸುಗಳನ್ನು ತರುತ್ತದೆ. ಪರ್ಸೀನ್ ಬೋಟು ಬಂಗುಡೆಯ, ಬೂತಾಯಿಯ ಹಿಂಡನ್ನು ಸುತ್ತುವರಿದು ಹಣದ ಚೀಲದ ದಾರವನ್ನು ಬಿಗಿದಂತೆ ಬಲೆಯ ಬಾಯಿಯನ್ನು ಬಿಗಿಯುತ್ತದೆ. ನಾಡದೋಣಿಯವನು ದಡದ ಸಮೀಪದಲ್ಲೇ ಬೀಡುಬಲೆ ಬಿಟ್ಟು ಮನೆಗೆ ಬೇಕಾದಷ್ಟನ್ನು ಹಿಡಿಯುತ್ತಾನೆ. ಇವರೆಲ್ಲರೂ ಮೀನುಗಾರರೇ, ಆದರೆ ಒಬ್ಬನ ಲಾಭವು ಮತ್ತೊಬ್ಬನ ನಷ್ಟವಾಗುವುದುಂಟು.

ನ್ಯೂಜಿಲೆಂಡ್ 1986ರಿಂದ ತನ್ನ ಮುಖ್ಯ ಮೀನುಗಳಿಗೆ ವರುಷಕ್ಕೆ ಇಷ್ಟು ಟನ್ ಎಂದು ನಿಗದಿ ಮಾಡಿ ಅದನ್ನು ಪಾಲುಗಳಾಗಿ ಹಂಚಿದೆ. ಐಸ್‌ಲೆಂಡಿನಲ್ಲಿಯೂ ಇಂತಹದೇ ಕ್ರಮವಿದೆ. ಕೆಲವೇ ಜಾತಿಯ ಮೀನು, ಎಣಿಸಬಹುದಾದಷ್ಟು ಹಡಗು, ಎಣಿಸಬಹುದಾದಷ್ಟು ಬಂದರು ಇರುವಲ್ಲಿ ಇದು ಸಾಧ್ಯವಾದೀತು. ನಮ್ಮಲ್ಲಿ ಹಾಗಲ್ಲ. ಒಂದೇ ಬಲೆಯಲ್ಲಿ ಇಪ್ಪತ್ತು ಮೂವತ್ತು ಜಾತಿಯ ಮೀನು ಒಟ್ಟಿಗೆ ಬರುತ್ತದೆ. ಗುಜರಾತಿನಿಂದ ಬಂಗಾಳದವರೆಗೆ ಮೂರು ಸಾವಿರಕ್ಕೂ ಮೀರಿದ ಮೀನುಗಾರರ ಗ್ರಾಮಗಳು, ಮೀನು ಇಳಿಸುವ ಸಾವಿರಕ್ಕೂ ಮೀರಿದ ತಾಣಗಳು ಇವೆ. 2023ರಲ್ಲಿ ದೇಶದ ದಡಗಳಿಗೆ ಬಂದ ಸಮುದ್ರದ ಮೀನು ಸುಮಾರು 35 ಲಕ್ಷ ಟನ್. ಪ್ರತಿಯೊಂದು ಬುಟ್ಟಿಯನ್ನೂ ತೂಗಿ ಲೆಕ್ಕ ಬರೆಯಲು ಎಷ್ಟು ಮಂದಿ ಗುಮಾಸ್ತರು ಬೇಕಾದೀತು, ನಮ್ಮ ಗುಮಾಸ್ತ ಬಂಧುಗಳೇ ಹೇಳಲಿ!

ಹಾಗೆಂದು ಲೆಕ್ಕವೇ ಇಲ್ಲವೆಂದಲ್ಲ. 1947ರಲ್ಲಿ ಸ್ಥಾಪನೆಗೊಂಡ, ಈಗ ಕೊಚ್ಚಿಯಲ್ಲಿ ಕೇಂದ್ರ ಕಚೇರಿಯುಳ್ಳ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಆಯ್ದ ಬಂದರುಗಳಲ್ಲಿ ಆಯ್ದ ದಿನಗಳಂದು ಕುಳಿತು, ಬಂದ ಬೋಟುಗಳಲ್ಲಿ ಕೆಲವನ್ನು ಆರಿಸಿ, ಜಾತಿವಾರು ತೂಕ, ಉದ್ದ ಬರೆದುಕೊಳ್ಳುತ್ತಾರೆ. ಅದರಿಂದ ಇಡೀ ಕರಾವಳಿಯ ಹಿಡುವಳಿಯನ್ನು ಅಂದಾಜು ಮಾಡುತ್ತಾರೆ. ಕಡಲಿನ ಜಮಾಖರ್ಚು ಸರಕಾರಕ್ಕೆ ತಿಳಿಯುವುದು ಬಹುಮಟ್ಟಿಗೆ ಈ ದಾರಿಯಿಂದಲೇ. ಹಡಗಿಗೆ ಇಷ್ಟು ಟನ್ ಎಂದು ಪಾಲು ಹಾಕುವುದು ಸಾಧ್ಯವಿಲ್ಲದ ಕಾರಣ ನಮ್ಮ ದೇಶವು ಬೇರೆ ನಾಲ್ಕು ಹಗ್ಗಗಳನ್ನು ಹಿಡಿದಿದೆ: ಎಲ್ಲಿ ಹಿಡಿಯಬೇಕು, ಯಾವಾಗ ಹಿಡಿಯಬೇಕು, ಯಾವ ಬಲೆಯಿಂದ ಹಿಡಿಯಬೇಕು, ಎಷ್ಟು ದೊಡ್ಡದನ್ನು ಹಿಡಿಯಬೇಕು. ಈ ನಾಲ್ಕೂ ಒಂದೇ ದಿನದಲ್ಲಿ ಹುಟ್ಟಿದುವಲ್ಲ, ಜಗಳಗಳಿಂದ ಹುಟ್ಟಿದುವು.

ರಂಪಣಿಯಿಂದ ಪರ್ಸೀನಿಗೆ

ನಮ್ಮ ಕರಾವಳಿಯ ಹಿರಿಯರಿಗೆ ರಂಪಣಿಯ ನೆನಪಿದೆ. ನೂರಾರು ಮಾರು ಉದ್ದದ ಆ ಬಲೆಯನ್ನು ದೋಣಿಯಲ್ಲಿ ಒಯ್ದು, ಬಂಗುಡೆಯ ಹಿಂಡನ್ನು ಸುತ್ತುವರಿದು, ಎರಡು ತುದಿಗಳನ್ನು ದಡಕ್ಕೆ ತಂದು ಊರಿಗೆ ಊರೇ ನಿಂತು ಎಳೆಯುತ್ತಿತ್ತು. ಬಂದ ಮೀನಿನಲ್ಲಿ ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದ ಕೈಗಳಿಗೆಲ್ಲ ಪಾಲು. ತಂಟೆ ತಕರಾರು ಬಂದರೆ ಮೊಗವೀರ ಗ್ರಾಮಗಳಲ್ಲಿ ಗುರಿಕಾರರ ಮಾತೇ ಮಾತು. ಅದು ಸರಕಾರ ಮಾಡಿದ ಕಾನೂನಲ್ಲ; ಆದರೂ ಕಾನೂನೇ.

ಸರಕಾರವೂ ಒಮ್ಮೆ ಕೈಹಾಕಿತ್ತು. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ 1940ರ ದಶಕದಲ್ಲಿ ಬೂತಾಯಿಯ ಬೆಳೆ ಕುಸಿದಾಗ, ಎಳೆಯ ಬೂತಾಯಿಯನ್ನು ಹಿಡಿಯುವುದನ್ನೂ ಕೆಲವು ಬಗೆಯ ಬಲೆಗಳನ್ನೂ ಮದರಾಸು ಸರಕಾರ ನಿರ್ಬಂಧಿಸಿತು. ಆದರೆ ನೋಡಿಕೊಳ್ಳುವವರಿಲ್ಲದೆ ಆ ಕಟ್ಟಳೆ ಕೆಲವೇ ವರುಷಗಳಲ್ಲಿ ಬಿದ್ದುಹೋಯಿತು. ಕಡಲಿನ ಮೇಲೆ ಕಾಗದದ ಕಾನೂನು ನಿಲ್ಲುವುದಿಲ್ಲವೆಂಬ ಪಾಠ ಅಂದೇ ದೊರೆಯಿತು.

ಬಳಿಕ ಯಂತ್ರ ಬಂತು. 1953ರಲ್ಲಿ ಕೇರಳದ ನೀಂಡಕರದಲ್ಲಿ ನಾರ್ವೆ ದೇಶದ ನೆರವಿನ ಯೋಜನೆ ಆರಂಭವಾಯಿತು. ಯಾಂತ್ರಿಕ ದೋಣಿ, ಮಂಜುಗಡ್ಡೆ, ಶೀತಲಗೃಹ ಬಂದುವು. ಸಿಗಡಿಗೆ ಹೊರದೇಶಗಳಲ್ಲಿ ಬೆಲೆ ಬಂದೊಡನೆ ಟ್ರಾಲ್ ಬೋಟುಗಳು ಕರಾವಳಿಯುದ್ದಕ್ಕೂ ಹಬ್ಬಿದುವು. 1970ರ ದಶಕದ ಉತ್ತರಾರ್ಧದಲ್ಲಿ ನಮ್ಮ ಮಂಗಳೂರು, ಮಲ್ಪೆಗಳಿಗೆ ಪರ್ಸೀನ್ ಬಂತು. ದಡದಲ್ಲಿ ಬಂಗುಡೆಯ ಹಾದಿ ನೋಡುತ್ತಿದ್ದ ರಂಪಣಿಯವರಿಗೆ ಬಂಗುಡೆ ಬರುವ ಮೊದಲೇ ನಡುಗಡಲಿನಲ್ಲಿ ಬಲೆಗೆ ಬೀಳತೊಡಗಿತು. ಹೊಡೆದಾಟಗಳಾದುವು; ಮನವಿಗಳು ಹೋದುವು. ಕೆಲವೇ ವರುಷಗಳಲ್ಲಿ ರಂಪಣಿಗಳು ಮೂಲೆ ಸೇರಿದುವು. ಯಾಂತ್ರಿಕ ಮೀನುಗಾರಿಕೆಯಿಂದ ದೇಶದ ಆಹಾರ ಹೆಚ್ಚಿತು, ಬಂದರುಗಳಲ್ಲಿ ಉದ್ಯೋಗ ಹೆಚ್ಚಿತು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಲೆ ಎಳೆದ ಕೈಗಳಿಗೆಲ್ಲ ಪಾಲು ಎಂಬ ಹಳೆಯ ಲೆಕ್ಕ ಮುರಿಯಿತು. ಆ ಕಾಲದಲ್ಲಿ ಮುಂಬಯಿ ಬಸ್ಸು ಹತ್ತಿದ ಎಷ್ಟು ಮಂದಿ ಹುಡುಗರು ನಮ್ಮ ಹೋಟೆಲುಗಳ ಅಡುಗೆಮನೆಗಳನ್ನು ಸೇರಿದರೆಂಬುದನ್ನು ಹಿರಿಯರು ಬಲ್ಲರು.

ಗೋವೆಯಲ್ಲಿಯೂ ಕೇರಳದಲ್ಲಿಯೂ ತಮಿಳುನಾಡಿನಲ್ಲಿಯೂ ಇದೇ ಜಗಳ. ಆಗ ಕೇಂದ್ರ ಸರಕಾರವು 1976ರಲ್ಲಿ ಮಜುಂದಾರ್ ಸಮಿತಿಯನ್ನು ನೇಮಿಸಿ, ದಡದ ಸಮೀಪದ ನೀರನ್ನು ಸಣ್ಣ ದೋಣಿಗಳಿಗೆ ಮೀಸಲಿಡುವ ವಿಚಾರವನ್ನು ಪರಿಶೀಲಿಸಿತು. ಅದರ ಫಲವಾಗಿ ರೂಪುಗೊಂಡ ಮಾದರಿ ಮಸೂದೆಯನ್ನು ಅನುಸರಿಸಿ ಕೇರಳ, ಗೋವೆಗಳು 1980ರಲ್ಲಿ, ಮಹಾರಾಷ್ಟ್ರ 1981ರಲ್ಲಿ, ತಮಿಳುನಾಡು 1983ರಲ್ಲಿ, ಕರ್ನಾಟಕ 1986ರಲ್ಲಿ ಸಮುದ್ರ ಮೀನುಗಾರಿಕಾ ನಿಯಂತ್ರಣ ಕಾನೂನುಗಳನ್ನು ಮಾಡಿದುವು. ಡೊಂಬಿವಲಿಯ ತರುಣರ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ: ಸಮುದ್ರವನ್ನು ಸರಕಾರಕ್ಕೆ ಯಾರೂ ಬರೆದುಕೊಡಲಿಲ್ಲ, ಪಂಚಾಯತಿಕೆ ಮಾಡೆಂದು ಬಡ ಮೀನುಗಾರರೇ ಸರಕಾರದ ಬಾಗಿಲು ತಟ್ಟಿದರು.

ನೀರಿನ ಮೇಲಿನ ಗಡಿ

ಸಂವಿಧಾನದ ಪ್ರಕಾರ ಮೀನುಗಾರಿಕೆಯು ರಾಜ್ಯಗಳ ವಿಷಯ. ಪ್ರಾದೇಶಿಕ ಸಮುದ್ರದಿಂದ ಆಚೆಯದು ಕೇಂದ್ರದ ವಿಷಯ. ದಡದಿಂದ 12 ನಾಟಿಕಲ್ ಮೈಲು, ಎಂದರೆ ಸುಮಾರು 22 ಕಿಲೋಮೀಟರ್, ರಾಜ್ಯದ ಅಧಿಕಾರ. ಅಲ್ಲಿಂದ 200 ನಾಟಿಕಲ್ ಮೈಲುಗಳವರೆಗೆ ಕೇಂದ್ರದ ಅಧಿಕಾರ. ಇದಕ್ಕೆ ಆಧಾರ 1976ರ ಕೇಂದ್ರದ ಕಾಯಿದೆ. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದವೂ ಕರಾವಳಿ ರಾಷ್ಟ್ರಗಳಿಗೆ ಇದೇ 200 ಮೈಲುಗಳ ಹಕ್ಕನ್ನು ಕೊಟ್ಟಿದೆ; ಜತೆಗೆ ಅಲ್ಲಿಯ ಮೀನು ಬರಿದಾಗದಂತೆ ಕಾಯುವ ಹೊಣೆಯನ್ನೂ ಹೊರಿಸಿದೆ. ಭಾರತವು 1995ರಲ್ಲಿ ಅದನ್ನು ಅಂಗೀಕರಿಸಿತು.

ಆದರೆ ಬಂಗುಡೆಗೆ ಸಂವಿಧಾನ ಗೊತ್ತಿಲ್ಲ. ಅದು ಇಂದು ಕಾರವಾರದಲ್ಲಿದ್ದು ನಾಳೆ ಗೋವೆಯಲ್ಲಿರುತ್ತದೆ. ಅದರ ಬೆನ್ನು ಹತ್ತಿದ ಬೋಟುಗಳೂ ಗಡಿ ದಾಟುತ್ತವೆ. ಮಾಲವಣದ ಸಣ್ಣ ಮೀನುಗಾರರು ಕರ್ನಾಟಕದ ವೇಗದ ಟ್ರಾಲ್ ಬೋಟುಗಳ ಮೇಲೆ ಹಲವು ವರುಷಗಳಿಂದ ದೂರು ಹೇಳುತ್ತಿದ್ದಾರೆ. ಮಹಾರಾಷ್ಟ್ರದ ಅನ್ನ ಉಣ್ಣುತ್ತಿರುವ ಕನ್ನಡಿಗರಾದ ನಾವು ಈ ದೂರನ್ನು ಕೇವಲ ಪರರ ಜಗಳವೆಂದು ತಳ್ಳಿಹಾಕುವಂತಿಲ್ಲ. ನಮ್ಮವರ ಬೋಟುಗಳು ಎಷ್ಟು ದೂರ ಹೋಗುತ್ತವೆ, ಯಾವ ಅಪಾಯಕ್ಕೆ ಹೋಗುತ್ತವೆ ಎಂಬುದಕ್ಕೆ ಸುವರ್ಣ ತ್ರಿಭುಜದ ದುರಂತವೇ ಸಾಕ್ಷಿ. 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಂದಿಗೆ ಮಲ್ಪೆಯಿಂದ ಹೊರಟ ಆ ಬೋಟು ಮರಳಲೇ ಇಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಅದರ ಅವಶೇಷ ಕಂಡುದು ಮಾಲವಣದ ಕಡಲಿನ ತಳದಲ್ಲಿ. ಹತ್ತಿರದಲ್ಲಿ ಮೀನು ಬರಿದಾದಂತೆ ಬೋಟುಗಳು ದೂರ ದೂರ ಹೋಗಬೇಕಾಗುತ್ತದೆಂಬುದನ್ನು ಮರೆಯಬಾರದು.

ಕೇಂದ್ರ ಸರಕಾರವು 2017ರ ನವೆಂಬರಿನಲ್ಲಿ, ತನ್ನ ಅಧಿಕಾರದ ನೀರಿನಲ್ಲಿ ಎರಡು ಕ್ರಮಗಳನ್ನು ನಿಷೇಧಿಸಿತು. ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಒಂದು, ರಾತ್ರಿಯಲ್ಲಿ ಎಲ್.ಇ.ಡಿ. ದೀಪಗಳ ಪ್ರಖರ ಬೆಳಕಿಗೆ ಮೀನನ್ನು ಸೆಳೆದು ಹಿಡಿಯುವುದು ಇನ್ನೊಂದು. ದೀಪಕ್ಕೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ. ಮರಿಗಳೂ ಬಂದು ಸೇರುತ್ತವೆ. ಮಹಾರಾಷ್ಟ್ರವು 2016ರಲ್ಲಿ ಪರ್ಸೀನ್ ಪರವಾನಗಿಗಳನ್ನು ಕಡಿತಗೊಳಿಸಲು ಆಜ್ಞೆ ಹೊರಡಿಸಿತು. 2021ರಲ್ಲಿ ತನ್ನ ಹಳೆಯ ಕಾನೂನನ್ನು ತಿದ್ದಿ, ದಂಡವನ್ನು ಲಕ್ಷ ರೂಪಾಯಿಗಳ ಲೆಕ್ಕಕ್ಕೆ ಏರಿಸಿತು. 2025ರ ಜನವರಿಯಿಂದ ಡ್ರೋನುಗಳಿಂದಲೂ ಕಾವಲು ಆರಂಭಿಸಿತು. 2025ರ ನವೆಂಬರಿನಲ್ಲಿ ಕೇಂದ್ರವು 12 ಮೈಲುಗಳಾಚೆಗೆ ಯಾಂತ್ರಿಕ ಬೋಟುಗಳು ಅನುಮತಿ ಪತ್ರ ಪಡೆಯಬೇಕೆಂಬ ನಿಯಮಗಳನ್ನು ಪ್ರಕಟಿಸಿತು. ಸಾಂಪ್ರದಾಯಿಕ ಸಣ್ಣ ದೋಣಿಗಳಿಗೆ ಇದರಿಂದ ವಿನಾಯಿತಿ ಇದೆ.

ಎರಡು ತಿಂಗಳ ಬಿಡುವು

ಇನ್ನು ನಮ್ಮ ಗಿರಾಕಿಗಳಿಗೆ ಬಹಳ ಪರಿಚಿತವಾದ ನಿಯಮಕ್ಕೆ ಬರೋಣ. ಪಡುಗಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಮೂಡುಗಡಲಿನಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೊದಲು ರಾಜ್ಯಕ್ಕೊಂದು ದಿನಾಂಕವಿತ್ತು. ಒಂದು ರಾಜ್ಯ ಮುಚ್ಚಿದ್ದಾಗ ಪಕ್ಕದ ರಾಜ್ಯದ ಬೋಟು ಬಂದು ಮೀನು ಬಾಚಿಕೊಂಡು ಹೋಗುತ್ತಿತ್ತು. 2015ರಿಂದ ಒಂದೊಂದು ಕರಾವಳಿಗೆ ಒಂದೇ ಅವಧಿ ಎಂಬ ಏರ್ಪಾಡಾಯಿತು. ಜೂನ್ ಮಧ್ಯದಿಂದ ನಮ್ಮ ಮಾರುಕಟ್ಟೆಗೆ ಮಂಜುಗಡ್ಡೆಯ ಲಾರಿಗಳಲ್ಲಿ ಆಂಧ್ರ, ತಮಿಳುನಾಡುಗಳ ಮೀನು ಬರುವುದರ ರಹಸ್ಯ ಇದೇ.

ಮಳೆಗಾಲದ ಹೊತ್ತಿನಲ್ಲಿ ಅನೇಕ ಮೀನುಗಳು ಮೊಟ್ಟೆಯಿಡುತ್ತವೆ. ಆ ಕಾಲದ ಕಡಲು ಬೋಟಿಗೂ ಮೃತ್ಯುಸಮಾನ. ಇದನ್ನು ಸರಕಾರವೇನೂ ಹೊಸದಾಗಿ ಕಂಡುಹಿಡಿಯಲಿಲ್ಲ. ಕೋಳಿಗಳು ಶ್ರಾವಣದ ನಾರಳೀ ಪೂರ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುತ್ತಿದ್ದರು. ನಮ್ಮ ಕರಾವಳಿಯಲ್ಲಿಯೂ ಸಮುದ್ರಪೂಜೆಯ ಪದ್ಧತಿಯಿದೆ. ಅಜ್ಜಂದಿರು ಹಬ್ಬದಿಂದ ಕಾಯ್ದುದನ್ನು ಈಗ ಕಾನೂನಿನಿಂದ ಕಾಯಬೇಕಾಗಿದೆ, ಅಷ್ಟೆ. ಯಂತ್ರವಿಲ್ಲದ ದೋಣಿಗಳಿಗೆ ಈ ರಜೆ ಅನ್ವಯಿಸುವುದಿಲ್ಲ; ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೂ ಅವಕಾಶವಿದೆ.

ಆದರೆ ರಜೆಯೆಂದರೆ ಸಂಬಳದ ರಜೆಯಲ್ಲವಲ್ಲ! ಮೀನುಗಾರನ ಉಳಿತಾಯಕ್ಕೆ ಕೇಂದ್ರ, ರಾಜ್ಯಗಳು ತಮ್ಮ ಪಾಲು ಸೇರಿಸಿ ಬಿಡುವಿನ ತಿಂಗಳುಗಳಲ್ಲಿ ಕೊಡುವ ಪರಿಹಾರ ಯೋಜನೆಯೊಂದಿದೆ. ಸಂಸಾರ ನಡೆಸಲು ಅದು ಸಾಲದು. ಅದೂ ಸಹಕಾರಿ ಸಂಘದ ಸದಸ್ಯತ್ವಕ್ಕೆ ಗಂಟು ಬಿದ್ದದ್ದು. ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ಇಂದು ದುಡಿಯುವವರಲ್ಲಿ ಒರಿಸ್ಸಾ, ಝಾರಖಂಡ, ಆಂಧ್ರಗಳಿಂದ ಬಂದವರು ಬಹುಮಂದಿ. ಅವರೂ ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಊರು ಬಿಟ್ಟವರು. ಪರಊರಿನಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದವನ ಪಾಡೇನೆಂದು ಮುಂಬಯಿಯ ಹೋಟೆಲು ಕೆಲಸಗಾರನಿಗೆ ಯಾರೂ ವಿವರಿಸಬೇಕಾಗಿಲ್ಲ. ಕಡಲಿನ ಮೀನು ಉಳಿಯುವುದು ಎಲ್ಲರಿಗೂ ಲಾಭ. ಅದರ ಖರ್ಚನ್ನು ಮಾತ್ರ ಬೋಟಿನ ಕೂಲಿಯವನೊಬ್ಬನೇ ಹೊರುವುದು ನ್ಯಾಯವಲ್ಲ. ಡೊಂಬಿವಲಿಯ ತರುಣರ ದೂರಿನಲ್ಲಿ ಈ ಅಂಶ ಸತ್ಯವಾದುದು. ಸರಕಾರಗಳು ಇದಕ್ಕೆ ಇನ್ನೂ ತಕ್ಕ ಉತ್ತರ ಕೊಟ್ಟಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮರಿಯ ಲೆಕ್ಕ

ನಾಲ್ಕನೆಯ ಹಗ್ಗವು ಅಳತೆಯದು. ಒಮ್ಮೆಯಾದರೂ ಮೊಟ್ಟೆಯಿಟ್ಟ ಮೀನನ್ನು ಹಿಡಿದರೆ ಸಂತತಿ ಉಳಿಯುತ್ತದೆ. ಅದಕ್ಕೆ ಮೊದಲೇ ಹಿಡಿದರೆ ಬೀಜದ ಭತ್ತವನ್ನು ಕುಟ್ಟಿ ಉಂಡಂತೆ. ಜಾತಿಗೊಂದು ಕನಿಷ್ಠ ಉದ್ದವನ್ನು ಗೊತ್ತುಮಾಡಿ, ಅದಕ್ಕಿಂತ ಚಿಕ್ಕದನ್ನು ಹಿಡಿಯಬಾರದೆಂದು ಮೊದಲು ಆಜ್ಞೆ ಮಾಡಿದುದು ಕೇರಳ, 2015ರಲ್ಲಿ. ಮಹಾರಾಷ್ಟ್ರವು 2023ರಲ್ಲಿ 54 ಜಾತಿಗಳಿಗೆ ಇಂತಹ ಅಳತೆಯನ್ನು ಗೊತ್ತುಮಾಡಿತು. ಅದೇ ವರುಷ ಬಿಳಿ ಪಾಪ್ಲೆಟನ್ನು, ಎಂದರೆ ನಮ್ಮ ಮಾಂಜಿಯನ್ನು, ರಾಜ್ಯದ ಮೀನೆಂದು ಘೋಷಿಸಿತು. ಗೌರವ ಕೊಟ್ಟುದು ಅದು ವಿರಳವಾಗುತ್ತಿರುವ ಕಾಲದಲ್ಲಿ ಎಂಬುದನ್ನು ಗಮನಿಸಬೇಕು.

ಈ ದೋಷ ಒಬ್ಬರದೇ ಅಲ್ಲ. ಟ್ರಾಲ್ ಬಲೆಯ ಸಣ್ಣ ಕಣ್ಣುಗಳಲ್ಲಿ ಮರಿಗಳು ರಾಶಿರಾಶಿಯಾಗಿ ಬಂದು, ಕರಾವಳಿಯ ಮೀನುಹುಡಿಯ ಕಾರಖಾನೆಗಳಿಗೆ ಹೋಗಿ ಕೋಳಿಯ, ಸಾಕಿದ ಸಿಗಡಿಯ ಆಹಾರವಾಗುತ್ತವೆ. ಸಾಂಪ್ರದಾಯಿಕವೆನಿಸಿದ ಡೋಲ್ ಬಲೆಯಲ್ಲಿಯೂ ಪಾಪ್ಲೆಟಿನ ಮರಿಗಳು ಸಿಕ್ಕಿಬೀಳುತ್ತವೆ. ಮೀನು ಹಿಡಿಯದ ನಾವೂ ನಿರ್ದೋಷಿಗಳಲ್ಲ. ಮರಿಗಳು ಬೆಳೆಯುವ ತೊಟ್ಟಿಲುಗಳಲ್ಲೊಂದು ಖಾಡಿಯ ಕಾಂಡ್ಲಾ ಕಾಡು. ಠಾಣೆಯ ಖಾಡಿಗೆ ಕಾರಖಾನೆಗಳ ನೀರೂ ನಮ್ಮೆಲ್ಲರ ಮೋರಿಯ ನೀರೂ ಸೇರಿದ ಮೇಲೆ ಠಾಣೆ ಸ್ಟೇಶನ್ನಿನ ಮಗ್ಗುಲಲ್ಲೇ ಇರುವ ಚೆಂದಣಿ ಕೋಳಿವಾಡದವರ ಕಸುಬು ಸೊರಗಿತು. 2022ರಲ್ಲಿ ಇದೇ ಖಾಡಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿಗೆ ಬರುವ ರಾಜಹಂಸಗಳನ್ನು ನೋಡಲು ಜನ ಸೇರುತ್ತಾರೆ. ಮೀನಿನ ತೊಟ್ಟಿಲೆಂದು ಅದನ್ನು ನೋಡುವವರು ಕಡಮೆ.

ಕಡಲು ತನ್ನಷ್ಟಕ್ಕೇ ಬದಲಾಗುವುದೂ ಉಂಟು. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಸಮೀಪ ದೊರೆತ ಬೂತಾಯಿ 2021ರಲ್ಲಿ ಮೂರು ಸಾವಿರದ ಚಿಲ್ಲರೆ ಟನ್ನಿಗೆ ಇಳಿಯಿತು. ನೀರಿನ ಬಿಸಿ, ಆಹಾರದ ಕೊರತೆ, ಮಿತಿಮೀರಿದ ಹಿಡಿತ ಎಲ್ಲವೂ ಸೇರಿದ್ದುವು. ಇಂತಹ ಹೊತ್ತಿನಲ್ಲಿ ಮರಿಗಳನ್ನೂ ಬಾಚಿದರೆ ಚೇತರಿಕೆಗೆ ಆಧಾರವೇ ಉಳಿಯದು. ಕೆನಡಾದಂತಹ ಶ್ರೀಮಂತ ದೇಶವು ವಿಜ್ಞಾನಿಗಳಿದ್ದೂ ಹಡಗುಗಳಿದ್ದೂ ನ್ಯೂಫೌಂಡ್‌ಲೆಂಡಿನ ಕಾಡ್ ಮೀನನ್ನು ಕಾಯಲಾರದೆ ಹೋಯಿತು. 1992ರಲ್ಲಿ ಆ ಮೀನುಗಾರಿಕೆಯನ್ನೇ ಮುಚ್ಚಿದಾಗ ಮೂವತ್ತು ಸಾವಿರ ಮಂದಿಯ ಕೆಲಸ ಹೋಯಿತು. ಎರಡು ವರುಷಕ್ಕೆಂದು ಹಾಕಿದ ಬೀಗ ಮೂವತ್ತು ವರುಷ ತೆರೆಯಲಿಲ್ಲ. ಎರಡು ತಿಂಗಳ ಬಿಡುವು ಎಷ್ಟು ಅಗ್ಗವೆಂಬುದು ಇದರಿಂದ ತಿಳಿದೀತು.

ಕೊನೆಯ ಕೊಂಡಿ

ಈಗ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಒಂದು ಮುಂಜಾನೆ ಠಾಣೆಯ ಮಾರುಕಟ್ಟೆಯಲ್ಲಿ ಬೆರಳುದ್ದದ ಪಾಪ್ಲೆಟ್ ಮರಿಗಳು ಬುಟ್ಟಿಗಟ್ಟಲೆ ಬಂದಿದ್ದುವು. ಬೆಲೆ ಅತಿ ಅಗ್ಗ. ತಟ್ಟೆಗೆ ಮೂರು ಇಟ್ಟು ಪಾಪ್ಲೆಟ್ ಫ್ರೈ ಎಂದು ಫಲಕ ಹಾಕಿದರೆ ಗಿರಾಕಿಗಳು ಮುತ್ತುವರೆಂಬ ಲೆಕ್ಕ ಹಾಕಿ ಎರಡು ಬುಟ್ಟಿ ಕೊಂಡೆವು. ಮಾರಿದ ಕೋಳಿ ಹೆಂಗಸು ಹಣ ಎಣಿಸಿಕೊಳ್ಳುತ್ತ, "ಶೇಟ್, ಇವು ಮೀನಲ್ಲ, ಮೀನಿನ ಮಕ್ಕಳು" ಎಂದಳು. ಹಾಗಾದರೆ ಏತಕ್ಕೆ ಮಾರುತ್ತೀ ಮಾವಶಿ, ಎಂದು ನಾವು ಕೇಳಿದೆವು. "ನೀವು ಕೊಳ್ಳುತ್ತೀರಿ, ಅದಕ್ಕೆ ಮಾರುತ್ತೇನೆ. ನಾಳೆ ನೀವು ಬೇಡವೆಂದರೆ ನನ್ನ ಮಗ ತರುವುದಿಲ್ಲ" ಎಂದಳು.

ಅಂದು ನಕ್ಕು ಬಂದೆವು. ವ್ಯಾಪಾರವೂ ಚೆನ್ನಾಗಿಯೇ ಆಯಿತು. ಇಂದು ನೆನೆದರೆ ನಗು ಬರುವುದಿಲ್ಲ. ಮಜುಂದಾರ್ ಸಮಿತಿಯಿಂದ ಡ್ರೋನಿನವರೆಗೆ ನಡೆದ ವ್ಯವಸ್ಥೆಯೆಲ್ಲವೂ ಕೊನೆಗೆ ಬಂದು ನಿಲ್ಲುವುದು ನಮ್ಮ ಅಡುಗೆಮನೆಯ ಹಿಂಬಾಗಿಲಿನಲ್ಲಿ. ಕಡಲಿನಲ್ಲಿ ಪ್ರತಿ ಬೋಟಿನ ಹಿಂದೆ ಒಬ್ಬ ಅಧಿಕಾರಿಯನ್ನು ನಿಲ್ಲಿಸಲು ಯಾವ ಸರಕಾರಕ್ಕೂ ಆಗದು. ಆದರೆ ಪ್ರತಿ ಬುಟ್ಟಿಯ ಮುಂದೆ ಒಬ್ಬ ಗಿರಾಕಿ ನಿಂತಿರುತ್ತಾನೆ; ಮುಂಬಯಿ, ಠಾಣೆಗಳಲ್ಲಿ ಅನೇಕ ವೇಳೆ ಆ ಗಿರಾಕಿ ನಮ್ಮವನೇ ಆಗಿರುತ್ತಾನೆ.

ಆದುದರಿಂದ ಹೋಟೆಲು ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮೀನು ತರುವವನ ಕೈಯಲ್ಲಿ ಒಂದು ಅಳತೆಪಟ್ಟಿ ಇರಲಿ; ಸರಕಾರ ಗೊತ್ತುಮಾಡಿದ ಅಳತೆಗಳ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಮರಿಮೀನು ಎಷ್ಟೇ ಅಗ್ಗವಾಗಿ ಬಂದರೂ ಹಿಂದಿರುಗಿಸಿರಿ. ಜೂನ್, ಜುಲೈಗಳಲ್ಲಿ ಪಾಪ್ಲೆಟ್ ಇಲ್ಲವೆಂದು ಹೇಳಲು ನಾಚಬೇಡಿರಿ. ಕೆರೆಯ ರೋಹು, ಕಾಟ್ಲಾಗಳಿಂದಲೂ ಒಣಮೀನಿನಿಂದಲೂ ಒಳ್ಳೆಯ ಊಟ ಮಾಡಬಹುದು. ಗಿರಾಕಿ ಮುಖ ಸಿಂಡರಿಸಿದರೆ ವೈಟರನು ಕಾರಣವನ್ನು ಹೇಳಲಿ. ತಿಳಿದವನು ಹೇಳಿದರೆ ಕೇಳುವವರಿದ್ದಾರೆ. ಬೋಟಿನವನಿಗೆ ಬಿಡುವಿನ ತಿಂಗಳುಗಳಲ್ಲಿ ತಕ್ಕ ಪರಿಹಾರ ಸಿಗಬೇಕೆಂಬ ಬೇಡಿಕೆಗೆ ನಮ್ಮ ಸಂಘಸಂಸ್ಥೆಗಳೂ ದನಿಗೂಡಿಸಲಿ. ಅವನ ಬಲೆಯ ಮೀನಿನಿಂದಲ್ಲವೇ ನಮ್ಮ ಗಲ್ಲಾ ತುಂಬುವುದು?

ಡೊಂಬಿವಲಿಯ ತರುಣ ವಾಚಕರಿಗೆ ನಮ್ಮ ಉತ್ತರ ಇದು: ಸಮುದ್ರಕ್ಕೆ ಪಟ್ಟೆಯಿಲ್ಲ. ಅದು ನಿಮ್ಮ ಅಣ್ಣನದು, ಉತ್ತನಿನ ಕೋಳಿಯದು, ಮಾಲವಣದ ನಾಡದೋಣಿಯವನದು, ಇನ್ನೂ ಹುಟ್ಟದ ಮಕ್ಕಳದು. ಎಲ್ಲರದೂ ಆದುದನ್ನು ಯಾರಾದರೊಬ್ಬರು ಪಾಲು ಹಾಕಬೇಕು; ಆ ಪಾಲುದಾರಿಕೆಯನ್ನು ಸರಕಾರ ಮಾಡುತ್ತಿದೆ, ಕೆಲವೆಡೆ ಚೆನ್ನಾಗಿ, ಕೆಲವೆಡೆ ಕೆಟ್ಟದಾಗಿ. ಕೆಟ್ಟದಾದಲ್ಲಿ ಕೇಳುವ ಹಕ್ಕು ನಿಮಗಿದೆ. ಆಗಸ್ಟ್ ತಿಂಗಳ ಮೊದಲ ದಿನ ಮಲ್ಪೆಯ ಬೋಟುಗಳು ಹೊರಡುವಾಗ ನಿಮ್ಮ ಅಣ್ಣನ ಬಲೆ ತುಂಬಲಿ. ತುಂಬುವ ಮೀನು ಬೆಳೆದ ಮೀನಾಗಿರಲಿ.